ಕೇಸರಬಾಯಿಯವರ ಮೂರೂವರೆ ನಿಮಿಷ, ನಮ್ಮ ಅಜ್ಜನ ನಲವತ್ತು ಸೆಕೆಂಡು



ಈ ಸಲ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ಬಿಡುವು ಮಾಡಿಕೊಂಡು ಓದಿ. ಸಾಧ್ಯವಾದರೆ ಮಕ್ಕಳಿಗೂ ಓದಿ ಹೇಳಿ.

ನಮ್ಮ ಶಾಲೆಯ ಕಾಂಪೌಂಡಿನ ಆಚೆ ಒಂದು ದೊಡ್ಡ ಕಟ್ಟಡದ ಕೆಲಸ ನಡೆಯುತ್ತಿತ್ತು. ಅಲ್ಲಿ ಕಾವಲಿಗೆ ಇದ್ದವರು ನಮ್ಮ ನಾಲ್ಕನೇ ತರಗತಿಯ ಹುಡುಗನೊಬ್ಬನ ಅಜ್ಜ. ಬಾದಾಮಿ ತಾಲೂಕಿನ ಕಡೆಯವರು. ಊರಿನಲ್ಲಿ ಕುರಿ ಕಾಯ್ದು ಬದುಕಿದವರು. ಮಳೆ ಕೈಕೊಟ್ಟ ಮೇಲೆ ಕುರಿ ಮಾರಿ, ಮಗನ ಹಿಂದೆ ಗೋವಾಕ್ಕೆ ಬಂದವರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಿಮೆಂಟ್ ಚೀಲಗಳ ನೆರಳಲ್ಲಿ ಕುಳಿತು ಕೊಳಲು ಊದುತ್ತಿದ್ದರು. ಆರು ತೂತಿನ ಸಾದಾ ಬಿದಿರಿನ ಕೊಳಲು. ನಮ್ಮ ಮಕ್ಕಳು ತಟ್ಟೆ ಹಿಡಿದುಕೊಂಡೇ ಗೇಟಿನ ಹತ್ತಿರ ನಿಂತು ಕೇಳುತ್ತಿದ್ದರು.

ಒಂದು ದಿನ ನಾನೇ ಹೋಗಿ ಕೇಳಿದೆ: "ಅಜ್ಜಾರ, ಇದು ಯಾವ ಹಾಡಿನ ಧಾಟಿ?"

"ಹಾಡಲ್ರೀ ಸರ್ ಇದು. ಸಂಜಿಮುಂದ ಕುರಿ ಹೊಡಕೊಂಡು ಹಟ್ಟಿಗೆ ಬರುವಾಗ ಊದೋದು. ಇದನ್ನ ಕೇಳಿದ್ರ ಹಿಂದ ಉಳದ ಕುರಿ ತಾವಾ ಬರ್ತಾವು" ಅಂದರು.

ಹಾಗೆ ಅವರ ಹತ್ತಿರ ಬೇರೆ ಬೇರೆ ಧಾಟಿಗಳಿದ್ದವು. ನೀರಿಗೆ ಇಳಿಸುವಾಗ ಒಂದು, ರಾತ್ರಿ ಕಾವಲಿಗೆ ಒಂದು, ಜಾತ್ರೆಗೆ ಒಂದು. ದೀಪಾವಳಿ ರಜೆ ಮುಗಿಯಲಿ, ಎಲ್ಲವನ್ನೂ ನಿಧಾನವಾಗಿ ರೆಕಾರ್ಡ್ ಮಾಡಿಕೊಳ್ಳೋಣ ಎಂದುಕೊಂಡೆ. ರಜೆಯಲ್ಲಿ ಅಜ್ಜ ಊರಿಗೆ ಹೋದರು. ಮರಳಿ ಬರಲಿಲ್ಲ. ಊರಿನಲ್ಲೇ ತೀರಿಕೊಂಡರೆಂದು ರಜೆ ಮುಗಿದ ಮೇಲೆ ಹುಡುಗನೇ ಬಂದು ಹೇಳಿದ.

ಈಗ ಅವರ ಕೊಳಲಿನದು ಉಳಿದಿರುವುದು ಹುಡುಗನ ಅಪ್ಪನ ಮೊಬೈಲಿನಲ್ಲಿ ನಲವತ್ತು ಸೆಕೆಂಡು ಮಾತ್ರ. ಅದರಲ್ಲೂ ಅರ್ಧದಷ್ಟು ಕಾಂಕ್ರೀಟ್ ಮಿಕ್ಸರಿನ ಸದ್ದು. ನಾಳೆ ಮಾಡಿದರಾಯಿತು ಎಂದ ತಪ್ಪು ನನ್ನದೇ. ಆ ತಪ್ಪು ಮನಸ್ಸನ್ನು ಕೊರೆಯುತ್ತಿದ್ದುದರಿಂದಲೇ, ಸಂಗೀತ ಉಳಿಯುವುದು ಹೇಗೆ, ಯಾರಿಂದ ಎಂದು ಓದತೊಡಗಿದೆ. ಉತ್ತರಕ್ಕೆ ದೂರ ಹೋಗಬೇಕಾಗಲಿಲ್ಲ. ನಾವು ಅನ್ನ ತಿನ್ನುತ್ತಿರುವ ಈ ಗೋವಾ ನೆಲದಲ್ಲೇ ಒಂದು ದೊಡ್ಡ ಕಥೆ ಇದೆ.

ಆಕಾಶಕ್ಕೆ ಹೋದ ತಟ್ಟೆ

1977ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಎರಡು ನೌಕೆಗಳನ್ನು ಹಾರಿಸಿತು. ಆಗಸ್ಟ್ 20ರಂದು ವಾಯೇಜರ್-2, ಸೆಪ್ಟೆಂಬರ್ 5ರಂದು ವಾಯೇಜರ್-1. ಗುರು, ಶನಿ ಗ್ರಹಗಳನ್ನು ನೋಡಿಕೊಂಡು ಮುಂದೆ ಸೌರವ್ಯೂಹವನ್ನೇ ದಾಟಿ ಹೋಗುವ ನೌಕೆಗಳು ಇವು. ಎಂದಾದರೂ ಯಾರಾದರೂ ಸಿಕ್ಕರೆ ನಮ್ಮ ಭೂಮಿಯ ಪರಿಚಯವಾಗಲಿ ಎಂದು ಕಾರ್ಲ್ ಸಾಗನ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಒಂದು ತಂಡ ತಾಮ್ರದ ತಟ್ಟೆಗೆ ಚಿನ್ನದ ಲೇಪ ಕೊಟ್ಟು, ಅದರಲ್ಲಿ ಚಿತ್ರ, ಮಾತು, ಸಂಗೀತಗಳನ್ನು ತುಂಬಿ ಎರಡೂ ನೌಕೆಗಳಿಗೆ ಒಂದೊಂದನ್ನು ಜೋಡಿಸಿತು.

ಆ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು! ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಒಂದು ಪುಟ್ಟ ವಾಕ್ಯ ಅದರಲ್ಲಿದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಸಂಗೀತದ್ದು 27 ತುಣುಕುಗಳಿವೆ. ಬಾಕ್, ಬೀಥೋವೆನ್, ಮೊಜಾರ್ಟ್ ಮುಂತಾದವರ ನಡುವೆ ಭಾರತದ್ದು ಒಂದೇ ಒಂದು. ಭೈರವಿ ರಾಗದ 'ಜಾತ್ ಕಹಾಂ ಹೋ'. ಹಾಡಿದವರು ನಮ್ಮ ಫೋಂಡಾ ತಾಲೂಕಿನ ಕೇರಿ ಗ್ರಾಮದ ಕೇಸರಬಾಯಿ ಕೇರ್ಕರ್. ಅವಧಿ ಮೂರೂವರೆ ನಿಮಿಷ.

ಅದೇ ತಟ್ಟೆಯಲ್ಲಿ ಇನ್ನೊಂದು ವಿಷಯ ನನ್ನ ಗಮನ ಸೆಳೆಯಿತು. ಸೊಲೊಮನ್ ದ್ವೀಪಗಳ ಮತ್ತು ಪೆರು ದೇಶದ ಜಾನಪದ ಕೊಳಲುಗಳ ನಾದವೂ ಅದರಲ್ಲಿದೆ. ಬೇರೆ ಬೇರೆ ಉದ್ದದ ಕೊಳವೆಗಳನ್ನು ಸಾಲಾಗಿ ಕಟ್ಟಿ ಊದುವ ಕೊಳಲುಗಳು ಅವು. ಒಂದನ್ನು ಅಲ್ಲಿನ ರೇಡಿಯೋದವರು, ಇನ್ನೊಂದನ್ನು ಅಲ್ಲಿನ ಸಂಸ್ಕೃತಿ ಕೇಂದ್ರದವರು ಸಂಗ್ರಹಿಸಿಟ್ಟಿದ್ದರು. ಹಾಗೆ ಸಂಗ್ರಹಿಸಿಟ್ಟಿದ್ದರಿಂದ ತಾನೇ ಜಾನಪದ ಕೊಳಲಿನ ನಾದ ಬೀಥೋವೆನ್ ಪಕ್ಕದಲ್ಲಿ ಕುಳಿತದ್ದು?

ವಾಯೇಜರ್-1 2012ರಲ್ಲಿ ಸೂರ್ಯನ ಪ್ರಭಾವದ ವಲಯವನ್ನು ದಾಟಿ ನಕ್ಷತ್ರಗಳ ನಡುವಿನ ಅವಕಾಶಕ್ಕೆ ಹೋಯಿತು. ಈಗ ಅದು ನಮ್ಮಿಂದ ಸುಮಾರು 2,500 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಮನುಷ್ಯನ ಕೈಯಿಂದಾದ ಯಾವ ವಸ್ತುವೂ ಅಷ್ಟು ದೂರ ಹೋಗಿಲ್ಲ.

ಯಾರು ಈ ಕೇಸರಬಾಯಿ?

ಕೇಸರಬಾಯಿಯವರು ಹುಟ್ಟಿದ್ದು 1892ರ ಜುಲೈ 13ರಂದು. ಆಗ ಗೋವಾ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ದೇವಸ್ಥಾನಗಳ ಸೇವೆಗೆ ಹಾಡುವ, ಕುಣಿಯುವ ಕಲಾವಂತ ಮನೆತನಗಳು ಇಲ್ಲಿ ಬಹಳ ಇದ್ದವು. ಆ ಮನೆತನಗಳ ಹೆಣ್ಣುಮಕ್ಕಳಿಗೆ ಕಲೆ ಇತ್ತು, ಸಮಾಜದಲ್ಲಿ ಮಾನ ಸಿಗುತ್ತಿರಲಿಲ್ಲ. ಆ ಹಿನ್ನೆಲೆಯಿಂದ ಬಂದ ಹುಡುಗಿ ಇವರು.

ಎಂಟನೇ ವಯಸ್ಸಿಗೆ ಮನೆಯವರು ಕೊಲ್ಹಾಪುರಕ್ಕೆ ಹೋದರು. ಅಲ್ಲಿ ಎಂಟು ತಿಂಗಳು ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರಲ್ಲಿ ಪಾಠ. ಈ ಖಾನ್ ಸಾಹೇಬರು ನಮಗೆ ಪರಕೀಯರಲ್ಲ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳು ಇವರೇ. ಸವಾಯಿ ಗಂಧರ್ವರ ಶಿಷ್ಯರೇ ಗದುಗಿನ ಭೀಮಸೇನ ಜೋಶಿ, ಧಾರವಾಡದ ಗಂಗೂಬಾಯಿ ಹಾನಗಲ್. ಗೋವಾ, ಕೊಲ್ಹಾಪುರ, ಧಾರವಾಡಗಳ ನಡುವೆ ಸಂಗೀತಕ್ಕೆ ಗಡಿಯೇ ಇರಲಿಲ್ಲ ನೋಡಿ.

ಮರಳಿ ಗೋವಾಕ್ಕೆ ಬಂದು ರಾಮಕೃಷ್ಣಬುವಾ ವಝೆಯವರಲ್ಲಿ ಕಲಿತರು. ಹದಿನಾರರ ವಯಸ್ಸಿನಲ್ಲಿ ತಾಯಿಯೊಂದಿಗೆ ಮುಂಬಯಿಗೆ ಹೋದರು. ಅಲ್ಲಿ ಸಿತಾರ್ ವಾದಕ ಬರ್ಕತುಲ್ಲಾ ಖಾನ್, ಗಾಯಕ ಭಾಸ್ಕರಬುವಾ ಬಖಲೆ ಅವರಲ್ಲಿ ಅಭ್ಯಾಸ. ಒಬ್ಬ ಗುರು ಬಿಟ್ಟರೆ ಇನ್ನೊಬ್ಬ ಗುರುವನ್ನು ಹುಡುಕಿಕೊಂಡು ಹೋಗುವ ಪರಿಸ್ಥಿತಿ. ಕೊನೆಗೆ 1921ರಲ್ಲಿ ಜೈಪುರ-ಅತ್ರೌಲಿ ಘರಾನೆಯ ಮೂಲಪುರುಷ ಉಸ್ತಾದ್ ಅಲ್ಲಾದಿಯಾ ಖಾನ್ ಅವರ ಶಿಷ್ಯೆಯಾದರು. ಆಗ ಅವರಿಗೆ 29 ವರ್ಷ. ಹೆಸರು ಬಂದಿದ್ದ ಗಾಯಕಿ ಎಲ್ಲವನ್ನೂ ಪಕ್ಕಕ್ಕಿಟ್ಟು ಮೊದಲಿನಿಂದ ಕಲಿಯಲು ಕುಳಿತರು. ಗುರುಗಳು 1946ರಲ್ಲಿ ತೀರಿಕೊಳ್ಳುವವರೆಗೂ ಆ ಸಂಬಂಧ ಮುಂದುವರಿಯಿತು.

ಮುಂದೆ ಅವರಿಗೆ 'ಸುರಶ್ರೀ' ಎಂಬ ಬಿರುದು, 1953ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1969ರಲ್ಲಿ ಪದ್ಮಭೂಷಣ ಎಲ್ಲವೂ ಬಂದವು. ದೇವಸ್ಥಾನದ ಸೇವೆಯ ಮನೆತನದ ಮಗಳನ್ನು ರಾಜಮಹಾರಾಜರು ಕರೆಸಿ ಕೂರಿಸಿ ಕೇಳಿದರು.

ಮೂರು ನಿಮಿಷದೊಳಗೆ ಹಿಡಿಸುವುದು ಹೇಗೆ?

ಇಷ್ಟು ದೊಡ್ಡ ಗಾಯಕಿ, ಹಾಗಾದರೆ ನೂರಾರು ರೆಕಾರ್ಡುಗಳಿರಬೇಕು ಎಂದು ನೀವು ಅಂದುಕೊಳ್ಳಬಹುದು. ಇಲ್ಲ. ಎಚ್.ಎಂ.ವಿ. ಮತ್ತು ಬ್ರಾಡ್‌ಕಾಸ್ಟ್ ಕಂಪನಿಗಳಿಗೆ ಕೆಲವೇ ಕೆಲವು ತಟ್ಟೆಗಳನ್ನು ಕೊಟ್ಟರು, ಅಷ್ಟೇ. ತಮ್ಮ ಹಾಡು ಹೇಗೆ ಜನರಿಗೆ ತಲುಪುತ್ತದೆ ಎಂಬ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಅದಕ್ಕೆ ಕಾರಣ ಅರ್ಥವಾಗಬೇಕಾದರೆ ಅಂದಿನ ಗ್ರಾಮಫೋನ್ ತಟ್ಟೆಯ ಬಗ್ಗೆ ತಿಳಿಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನಿಂದ ಮಾಡಿದ, ಕೈಜಾರಿದರೆ ಒಡೆಯುವ ತಟ್ಟೆ ಅದು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷ. ಭಾರತದಲ್ಲಿ ಈ ಕೆಲಸ ದೊಡ್ಡದಾಗಿ ಶುರುವಾದದ್ದು 1902ರಲ್ಲಿ ಕಲ್ಕತ್ತದಲ್ಲಿ, ಗೌಹರ್ ಜಾನ್ ಅವರ ಹಾಡುಗಳಿಂದ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡರು. ಹಲವು ದೊಡ್ಡ ಉಸ್ತಾದರು ಮಾತ್ರ ಆ ಯಂತ್ರದ ಹತ್ತಿರ ಸುಳಿಯಲಿಲ್ಲ. ತಮ್ಮ ವಿದ್ಯೆ ಕಂಡಕಂಡವರ ಕೈಗೆ ಸಿಕ್ಕಿಬಿಡುತ್ತದೆ ಎಂಬ ಭಯ ಕೆಲವರಿಗೆ, ಅರ್ಧಗಂಟೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸಬೇಕಲ್ಲ ಎಂಬ ಸಂಕಟ ಇನ್ನು ಕೆಲವರಿಗೆ. ಅಲ್ಲಾದಿಯಾ ಖಾನ್ ಅವರ ಧ್ವನಿಯೇ ಇಂದು ನಮಗೆ ಉಳಿದಿಲ್ಲ. ಅಷ್ಟು ದೊಡ್ಡ ಗುರುವಿನ ಕಂಠ ಹೇಗಿತ್ತೆಂದು ಕೇಳಲು ಯಾವ ದಾರಿಯೂ ಇಲ್ಲ.

ಕೇಸರಬಾಯಿಯವರ ಸಂಕಟವೂ ಸುಳ್ಳಲ್ಲ. ಜೈಪುರ-ಅತ್ರೌಲಿಯ ಗಾಯನ ಉಸಿರು ಕಟ್ಟಿ, ಲಯ ಹಿಡಿದು, ಒಂದರೊಳಗೊಂದು ಹೆಣೆದುಕೊಂಡು ಬೆಳೆಯುವಂಥದ್ದು. ಅದನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ದೊಡ್ಡ ಮರದ ಒಂದು ಟೊಂಗೆ ಮುರಿದು ತೋರಿಸಿದ ಹಾಗೆ.

ಆದರೆ ಇತಿಹಾಸದ ವಿಚಿತ್ರ ನೋಡಿ. ಯಾವ ಮೂರೂವರೆ ನಿಮಿಷ ಸಾಲದು ಎನ್ನಿಸುತ್ತಿತ್ತೋ ಅದೇ ಮೂರೂವರೆ ನಿಮಿಷ ಅವರನ್ನು ನಕ್ಷತ್ರಗಳ ಕಡೆಗೆ ಒಯ್ಯಿತು. ಅದೂ ಎಷ್ಟು ಕಷ್ಟದಿಂದ! ರಾಬರ್ಟ್ ಬ್ರೌನ್ ಎಂಬ ಸಂಗೀತ ವಿದ್ವಾಂಸರು ಭಾರತದ್ದು ಹಾಕುವುದಾದರೆ ಇದನ್ನೇ ಹಾಕಿ ಎಂದು ಸಾಗನ್ ಅವರಿಗೆ ಹೇಳಿದರು. ಆದರೆ ತಟ್ಟೆ ಮಾರುಕಟ್ಟೆಯಲ್ಲಿ ಇರಲಿಲ್ಲ. ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ನ್ಯೂಯಾರ್ಕಿನಲ್ಲಿ ಭಾರತೀಯ ಕುಟುಂಬವೊಂದು ನಡೆಸುತ್ತಿದ್ದ ಅಂಗಡಿಯಲ್ಲಿ, ಮೇಜಿನ ಕೆಳಗಿದ್ದ ರಟ್ಟಿನ ಡಬ್ಬದಲ್ಲಿ ಅದು ಸಿಕ್ಕಿತು. ಹುಡುಕಿದವರು ತಂಡದ ಆ್ಯನ್ ಡ್ರುಯನ್. ಮೇಜಿನ ಕೆಳಗಿನ ಆ ಡಬ್ಬವನ್ನು ಅಂಗಡಿಯವರು ರದ್ದಿಗೆ ಹಾಕಿದ್ದರೆ?

ವಾಯೇಜರ್-1 ಹಾರಿದ ಹನ್ನೊಂದು ದಿನಕ್ಕೆ, 1977ರ ಸೆಪ್ಟೆಂಬರ್ 16ರಂದು ಕೇಸರಬಾಯಿಯವರು ಮುಂಬಯಿಯಲ್ಲಿ ತೀರಿಕೊಂಡರು.

ಕಂಠದಿಂದ ಕಂಠಕ್ಕೆ

ತಟ್ಟೆ ಒಂದು ದಾರಿಯಾದರೆ ಇನ್ನೊಂದು ಹಳೆಯ ದಾರಿ ಶಿಷ್ಯರು. ಕೇಸರಬಾಯಿಯವರು ಸುಲಭಕ್ಕೆ ಯಾರಿಗೂ ಕಲಿಸಿದವರಲ್ಲ. ಅವರ ಗಾಯಕಿಯನ್ನು ನೇರವಾಗಿ ಪಡೆದವರೆಂದು ಹೇಳುವುದು ಧೋಂಡುತಾಯಿ ಕುಲಕರ್ಣಿಯವರ ಹೆಸರನ್ನು. ಕೊಲ್ಹಾಪುರದ ಈ ಗಾಯಕಿ 1960ರ ದಶಕದಲ್ಲಿ ಅವರ ಶಿಷ್ಯೆಯಾಗಿ ಎದುರು ಕುಳಿತು ಕಲಿತರು. ಧೋಂಡುತಾಯಿಯವರ ಶಿಷ್ಯೆ ನಮಿತಾ ದೇವಿದಯಾಳ್ 2007ರಲ್ಲಿ 'ದಿ ಮ್ಯೂಸಿಕ್ ರೂಮ್' ಎಂಬ ಪುಸ್ತಕ ಬರೆದು ಈ ಗುರುಪರಂಪರೆಯ ಕಥೆಯನ್ನು ಹೊರಗಿನವರಿಗೂ ತಿಳಿಸಿದರು. ಧೋಂಡುತಾಯಿ 2014ರಲ್ಲಿ ನಿಧನರಾದರು.

ಅದೇ ಅಲ್ಲಾದಿಯಾ ಖಾನ್ ಅವರ ಇನ್ನೊಬ್ಬ ಶಿಷ್ಯೆ ಮೋಗೂಬಾಯಿ ಕುರ್ಡೀಕರ್. ಅವರೂ ಗೋವಾದವರೇ. 1904ರಲ್ಲಿ ಸಾಂಗೆ ತಾಲೂಕಿನ ಕುರ್ಡಿ ಎಂಬ ಊರಿನಲ್ಲಿ ಹುಟ್ಟಿದರು. 1980ರ ದಶಕದಲ್ಲಿ ಸಾಳಾವಲಿ ಅಣೆಕಟ್ಟು ಕಟ್ಟಿದಾಗ ಆ ಊರು ನೀರಿನಲ್ಲಿ ಮುಳುಗಿತು. ಪ್ರತಿ ವರ್ಷ ಮೇ ತಿಂಗಳಲ್ಲಿ ನೀರು ಇಳಿದಾಗ ಸೋಮೇಶ್ವರ ದೇವಸ್ಥಾನ, ಮನೆಗಳ ಅಡಿಪಾಯ, ಒಣಗಿದ ಮರದ ಬೊಡ್ಡೆಗಳು ಮೇಲೆ ಬರುತ್ತವೆ. ಊರಿನ ಹಳೆಯ ಜನ ಬಂದು ಪೂಜೆ ಮಾಡಿ ಹೋಗುತ್ತಾರೆ. ಮಳೆ ಬಂದರೆ ಮತ್ತೆ ಮುಳುಗಡೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಬಂದ ನಮ್ಮ ಬಾಗಲಕೋಟೆ ಕಡೆಯ ಪಾಲಕರಿಗೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಮೋಗೂಬಾಯಿಯವರ ಸಂಗೀತ ಮುಳುಗಲಿಲ್ಲ. ಮಗಳು ಕಿಶೋರಿ ಅಮೋಣಕರ್ ಅವರ ಕಂಠದಲ್ಲಿ ಅದು ಮುಂದುವರಿಯಿತು, ಅವರ ಶಿಷ್ಯರಲ್ಲಿ ಇಂದಿಗೂ ಇದೆ.

ಇದೇ ಮನೆತನದ ವಿದ್ಯೆ ಕನ್ನಡ ನೆಲಕ್ಕೂ ಬಂತು. ಧಾರವಾಡದ ಹತ್ತಿರದ ಮನ್ಸೂರಿನ ಪಂಡಿತ್ ಮಲ್ಲಿಕಾರ್ಜುನ ಮನ್ಸೂರರು ಅಲ್ಲಾದಿಯಾ ಖಾನರ ಮಗ ಮಂಜಿ ಖಾನ್ ಅವರಲ್ಲಿ, 1937ರಲ್ಲಿ ಅವರು ತೀರಿಕೊಂಡ ಮೇಲೆ ಇನ್ನೊಬ್ಬ ಮಗ ಬುರ್ಜಿ ಖಾನ್ ಅವರಲ್ಲಿ ಕಲಿತರು. ಯಾರೂ ಹಾಡದ ಅಪರೂಪದ ರಾಗಗಳನ್ನು ಈ ಘರಾನೆಯಿಂದ ಪಡೆದು, 1992ರಲ್ಲಿ ಕಣ್ಮುಚ್ಚುವವರೆಗೆ ಹಾಡಿದರು. ಅದೃಷ್ಟವಶಾತ್ ಅವರ ಕಾಲಕ್ಕೆ ದೊಡ್ಡ ಧ್ವನಿಮುದ್ರಣಗಳು ಬಂದಿದ್ದವು. ಆಕಾಶವಾಣಿಯೂ ಇತ್ತು. ಹಾಗಾಗಿ ಮನ್ಸೂರರನ್ನು ನಾವು ಗಂಟೆಗಟ್ಟಲೆ ಕೇಳಬಹುದು. ಗುರುವಿನ ಗುರುವನ್ನು ಒಂದು ನಿಮಿಷವೂ ಕೇಳಲಾರೆವು.

ಸುರಶ್ರೀಯವರ ಊರು ಕೇರಿಯಲ್ಲಿ ಅವರ ಇನ್ನೊಂದು ಮನೆ ಇದ್ದ ಜಾಗದಲ್ಲಿ ಇಂದು ಅವರ ಹೆಸರಿನ ಪ್ರೌಢಶಾಲೆ ಇದೆ. ಹುಟ್ಟಿದ ಮನೆ ಅಲ್ಲಿಂದ ಒಂದು ಕಿಲೋಮೀಟರ್ ಒಳಗೇ ಇದೆ. ಹಾಡುಗಾರ್ತಿಯ ಮನೆ ಶಾಲೆಯಾಯಿತು ಎಂಬ ಸಂಗತಿ ಶಿಕ್ಷಕನಾದ ನನಗೆ ಬಹಳ ಹಿಡಿಸಿತು. ಗೋವಾದಲ್ಲಿ ಅವರ ಸ್ಮರಣೆಯ ಸಂಗೀತ ಸಮಾರೋಹವೂ ನಡೆದುಕೊಂಡು ಬಂದಿದೆ.

ಹೆಸರಿಲ್ಲದವರ ಪಾಡೇನು?

ಇಷ್ಟೆಲ್ಲ ಓದಿದ ಮೇಲೂ ನನ್ನ ಪ್ರಶ್ನೆ ಉಳಿದೇ ಇತ್ತು. ಕೇಸರಬಾಯಿಯವರಿಗೆ ಕಂಪನಿ ಇತ್ತು, ಶಿಷ್ಯೆ ಇದ್ದರು, ಅಭಿಮಾನಿಗಳಿದ್ದರು. ಸಿಮೆಂಟ್ ಚೀಲದ ನೆರಳಲ್ಲಿ ಕೊಳಲು ಊದಿದ ನಮ್ಮ ಅಜ್ಜನಿಗೆ ಯಾರಿದ್ದರು?

ಕನ್ನಡದಲ್ಲಿ ಈ ಕೆಲಸ ಮಾಡಿದ ಪುಣ್ಯಾತ್ಮರು ಇಲ್ಲವೆಂದಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ ಮುಂತಾದ ಗೆಳೆಯರು ಸೇರಿ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಅವರು ಅಂದು ಆ ಶ್ರಮ ಪಡದಿದ್ದರೆ ಎಷ್ಟೋ ತಾಯಂದಿರ ಹಾಡುಗಳು ಗಿರಣಿ ಬಂದ ಕೂಡಲೇ ಸತ್ತುಹೋಗುತ್ತಿದ್ದವು. ಮುಂದೆ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನೇ ನಿಲ್ಲಿಸಿದರು. ಹಾಡುಗಾರರ ಧ್ವನಿಯನ್ನೂ ಮುದ್ರಿಸಿಟ್ಟರು.

ಆದರೆ ಒಂದು ಮಾತು ಗಮನಿಸಬೇಕು. ಹಾಡಾದರೆ ಅದಕ್ಕೆ ಮಾತಿದೆ, ಕಾಗದದ ಮೇಲೆ ಬರೆಯಬಹುದು. ಧಾಟಿ ಹೋದರೂ ಸಾಹಿತ್ಯವಾದರೂ ಉಳಿಯುತ್ತದೆ. ಕೊಳಲಿಗೆ ಮಾತಿಲ್ಲ. ಕುರಿ ಕರೆಯುವ ಧಾಟಿಯನ್ನು ಯಾವ ಅಕ್ಷರದಲ್ಲಿ ಬರೆಯುವುದು? ಸ್ವರಲಿಪಿ ನಮ್ಮಂಥವರಿಗೆ ಬರುವುದಿಲ್ಲ. ಬಂದರೂ ಉಸಿರಿನ ಏರಿಳಿತ, ಬೆರಳಿನ ಜಾರು ಅದರಲ್ಲಿ ಸಿಕ್ಕುವುದು ಕಷ್ಟ. ಕೊಳಲಿಗೆ ಎರಡೇ ದಾರಿ. ಪಕ್ಕದಲ್ಲಿ ಕುಳಿತು ಕಲಿಯುವ ಒಬ್ಬ ಹುಡುಗ ಬೇಕು, ಇಲ್ಲವೇ ಸಮಯಕ್ಕೆ ಸರಿಯಾಗಿ ಧ್ವನಿ ಹಿಡಿಯುವ ಒಬ್ಬ ಮನುಷ್ಯ ಬೇಕು.

ಐರ್ಲೆಂಡಿನ ತಗಡಿನ ಪೀಪಿ

ಇಲ್ಲಿ ದೂರದ ಐರ್ಲೆಂಡ್ ದೇಶದ ಒಂದು ಉದಾಹರಣೆ ಹೇಳಬೇಕು. ಇಂಗ್ಲೆಂಡಿನ ಪಶ್ಚಿಮಕ್ಕಿರುವ ಸಣ್ಣ ದೇಶ. ನಮ್ಮ ಹಾಗೆಯೇ ಬ್ರಿಟಿಷರ ಕೈಕೆಳಗೆ ನಲುಗಿದ ದೇಶ. ಅಲ್ಲಿಯ ಜನ ಹೊಟ್ಟೆಪಾಡಿಗೆ ದೇಶಾಂತರ ಹೋದದ್ದಕ್ಕೆ ಲೆಕ್ಕವೇ ಇಲ್ಲ.

ಅಲ್ಲಿ 'ಟಿನ್ ವಿಸಲ್' ಎಂಬ ವಾದ್ಯವಿದೆ. ತಗಡಿನ ಕೊಳವೆ, ನಮ್ಮ ಜಾತ್ರೆಯ ಪೀಪಿಯ ಹಾಗೆ ನೇರ ಹಿಡಿದು ಊದುವುದು. ಅದಕ್ಕೂ ಆರೇ ತೂತು! ರಾಬರ್ಟ್ ಕ್ಲಾರ್ಕ್ ಎಂಬ ಇಂಗ್ಲಿಷ್ ಕೂಲಿಗಾರ 1843ರ ಸುಮಾರಿಗೆ ಇದನ್ನು ತಗಡಿನಿಂದ ಮಾಡಿ ಮಾರತೊಡಗಿದ. ಅಗ್ಗದ ವಾದ್ಯವಾದ್ದರಿಂದ ಬಡವರ ಮನೆಮನೆಗೂ ಹೋಯಿತು.

ಅಂಥ ಒಬ್ಬ ವಾದಕ ಮೈಕೋ ರಸೆಲ್. ಕ್ಲೇರ್ ಎಂಬ ಜಿಲ್ಲೆಯ ಸಮುದ್ರದಂಡೆಯ ಡೂಲಿನ್ ಊರಿನವರು. 1915ರಲ್ಲಿ ಹುಟ್ಟಿದ ಸಣ್ಣ ರೈತ. ತಾಯಿ ಕಾನ್ಸರ್ಟಿನಾ ಎಂಬ ಪುಟ್ಟ ತಿದಿಯ ವಾದ್ಯ ನುಡಿಸುತ್ತಿದ್ದರು. ಇಬ್ಬರು ತಮ್ಮಂದಿರೂ ವಾದಕರೇ. ಮೈಕೋ ಅವರು ಆಡಂಬರವಿಲ್ಲದೆ, ಊರಿನ ಹಳೆಯ ಧಾಟಿಗಳನ್ನು ಊರಿನವರು ನುಡಿಸಿದಂತೆಯೇ ನುಡಿಸುತ್ತಿದ್ದರು. ಈ ಧಾಟಿ ಯಾರಿಂದ ಬಂತು, ಅದರ ಹಿಂದಿನ ಕಥೆ ಏನು ಎಂದು ಹೇಳಿ ಆಮೇಲೆ ಊದುವುದು ಅವರ ರೂಢಿ. 1973ರಲ್ಲಿ ಇಡೀ ದೇಶದ ಸ್ಪರ್ಧೆಯಲ್ಲಿ ಗೆದ್ದರು. ಜನ ಊರಿಗೆ ಹುಡುಕಿಕೊಂಡು ಬಂದು ಅವರ ಧಾಟಿಗಳನ್ನು ಮುದ್ರಿಸಿಕೊಂಡರು. ಅವರ ಧಾಟಿ, ಹಾಡು, ಕಥೆಗಳ ಪುಸ್ತಕ ಬಂತು, ಧ್ವನಿಸುರುಳಿಗಳು ಬಂದವು. 1994ರ ಫೆಬ್ರುವರಿಯಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಹೋದರು. ಆದರೆ ಅಷ್ಟರಲ್ಲಿ ಅವರ ಸಂಗೀತ ಹತ್ತಾರು ಕಡೆ ಸೇರಿಯಾಗಿತ್ತು. ಡೂಲಿನ್‌ನಲ್ಲಿ ಅವರ ನೆನಪಿಗೆ ಫೆಬ್ರುವರಿಯಲ್ಲಿ ಸಂಗೀತ ಕೂಟ ನಡೆಸುತ್ತಾ ಬಂದಿದ್ದಾರೆ. 1987ರಲ್ಲಿ ಡಬ್ಲಿನ್‌ನಲ್ಲಿ ಇಂಥ ಸಂಗೀತಕ್ಕೆಂದೇ ಒಂದು ದಾಖಲಾಲಯವನ್ನೂ ಸ್ಥಾಪಿಸಿದರು.

ಇದೆಲ್ಲ ಒಮ್ಮೆಲೇ ಆದದ್ದಲ್ಲ. ಬೇರು ಹಳೆಯದು. 1935ರಲ್ಲಿ ಅಲ್ಲಿಯ ಸರಕಾರ ಜಾನಪದ ಆಯೋಗವನ್ನು ನೇಮಿಸಿತು. 1937ರಿಂದ 1939ರವರೆಗೆ ಆ ಆಯೋಗ ಒಂದು ಅದ್ಭುತ ಕೆಲಸ ಮಾಡಿತು. ಸುಮಾರು 5,000 ಪ್ರಾಥಮಿಕ ಶಾಲೆಗಳ ಸುಮಾರು 50,000 ಮಕ್ಕಳ ಕೈಗೆ ಪುಸ್ತಕ ಕೊಟ್ಟು, ಮನೆಯ ಹಿರಿಯರಿಂದ ಕಥೆ, ನಂಬಿಕೆ, ಹಾಡು, ಊರಿನ ಇತಿಹಾಸ, ಮನೆಮದ್ದು ಎಲ್ಲವನ್ನೂ ಕೇಳಿ ಬರೆದು ತನ್ನಿ ಎಂದು ಹೇಳಿತು. ಶಿಕ್ಷಕರು ನೋಡಿಕೊಂಡರು. ಹೀಗೆ ಏಳು ಲಕ್ಷಕ್ಕೂ ಹೆಚ್ಚು ಪುಟಗಳು ಸೇರಿದವು. ಇಂದು ಅವು ಅಂತರಜಾಲದಲ್ಲಿ ಎಲ್ಲರಿಗೂ ಓದಲು ಸಿಗುತ್ತವೆ. ಸಂಗ್ರಹಿಸಿದವರು ಯಾರು? ಐದನೇ, ಆರನೇ ತರಗತಿಯ ಮಕ್ಕಳು ಮತ್ತು ನಮ್ಮಂಥ ಮೇಷ್ಟರುಗಳು!

ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ಬಳಿ ಆಗ ಪೆನ್ಸಿಲ್ ಇತ್ತು. ನಮ್ಮ ಪ್ರತಿಯೊಬ್ಬ ಪಾಲಕರ ಜೇಬಿನಲ್ಲಿ ಇಂದು ಧ್ವನಿ ಹಿಡಿಯುವ ಯಂತ್ರವೇ ಇದೆ. ಮತ್ತೆ ನಾವೇಕೆ ಕೈಕಟ್ಟಿ ಕುಳಿತಿದ್ದೇವೆ?

ನಮ್ಮ ಶಾಲೆಯಲ್ಲಿ ಮಾಡಿದ್ದು

ಗೋವಾದ ಕನ್ನಡ ಶಾಲೆಗಳ ಮಕ್ಕಳು ಎಲ್ಲಿಂದ ಬಂದವರು? ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ, ರಾಯಚೂರು. ಬಂದರಿನಲ್ಲಿ, ಕಟ್ಟಡಗಳಲ್ಲಿ, ರಸ್ತೆಯಲ್ಲಿ ದುಡಿಯುವವರ ಮಕ್ಕಳು. ಅವರ ಮನೆಗಳಲ್ಲಿ ಸೋಬಾನೆ ಪದ, ಹಂತಿ ಪದ, ಡೊಳ್ಳಿನ ಪದ, ತತ್ವಪದ, ಗೀಗೀ ಪದ ಬಲ್ಲ ಹಿರಿಯರು ಇದ್ದಾರೆ. ಊರಿನಲ್ಲಿದ್ದರೆ ಜಾತ್ರೆ, ಹಬ್ಬ, ರಾಶಿ ಎಂದು ಹಾಡುವ ಸಂದರ್ಭ ಬರುತ್ತದೆ. ಇಲ್ಲಿ ರಾಶಿ ಎಲ್ಲಿದೆ, ಕುರಿ ಎಲ್ಲಿದೆ? ಸಂದರ್ಭ ಹೋದರೆ ಹಾಡೂ ಹೋಗುತ್ತದೆ.

ಹಾಗಾಗಿ ನಾವು ಮಕ್ಕಳಿಗೆ ಒಂದು ಮನೆಪಾಠ ಕೊಟ್ಟೆವು. ಮನೆಯ ಹಿರಿಯರೊಬ್ಬರಿಂದ ಒಂದು ಹಾಡನ್ನೋ, ಒಂದು ವಾದ್ಯದ ಧಾಟಿಯನ್ನೋ ಮುದ್ರಿಸಿಕೊಂಡು ಬರುವುದು. ಅನುಭವದಿಂದ ಕಲಿತ ಕೆಲವು ವಿಷಯಗಳನ್ನು ಬೇರೆ ಶಾಲೆಯವರ ಉಪಯೋಗಕ್ಕೆ ಇಲ್ಲಿ ಬರೆಯುತ್ತೇನೆ.

ಒಂದು, ಮೊದಲು ಅವರ ಒಪ್ಪಿಗೆ ಕೇಳಬೇಕು. ಯಾಕೆ ಮುದ್ರಿಸುತ್ತೇವೆ, ಯಾರಿಗೆ ಕೇಳಿಸುತ್ತೇವೆ ಎಂದು ಹೇಳಬೇಕು. ಬೇಡ ಎಂದರೆ ಬಿಡಬೇಕು.

ಎರಡು, ಶುರುವಿನಲ್ಲೇ ಹೆಸರು, ಊರು, ತಾರೀಖು ಬಾಯಿಂದ ಹೇಳಿಸಬೇಕು. ಹತ್ತು ವರ್ಷದ ಮೇಲೆ ಕೇಳಿದವರಿಗೆ ಇದು ಯಾರ ಧ್ವನಿ ಎಂದು ಗೊತ್ತಾಗಬೇಕಲ್ಲ.

ಮೂರು, ಈ ಹಾಡನ್ನು ಯಾವಾಗ ಹಾಡುತ್ತಿದ್ದರು, ಯಾರಿಂದ ಕಲಿತರು ಎಂದು ಕೇಳಬೇಕು. ಮೈಕೋ ರಸೆಲ್ ಹೇಳುತ್ತಿದ್ದ ಕಥೆಗಳಷ್ಟೇ ನಮ್ಮವರ ಕಥೆಗಳಿಗೂ ಬೆಲೆ ಇದೆ.

ನಾಲ್ಕು, ಫ್ಯಾನು, ಟಿ.ವಿ. ಬಂದ್ ಮಾಡಬೇಕು. ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಬಟ್ಟೆಯ ಮೇಲಿಟ್ಟು ಹತ್ತಿರ ಇಡಬೇಕು. ಮಧ್ಯೆ 'ಸಾಕು' ಎನ್ನಬಾರದು. ಪೂರ್ತಿ ಮುಗಿಯುವವರೆಗೆ ಬಿಡಬೇಕು. ಮೂರು ನಿಮಿಷದ ತಟ್ಟೆಯ ಕಟ್ಟು ನಮಗಿಲ್ಲ.

ಐದು, ಮೊಬೈಲಿನಲ್ಲೇ ಬಿಟ್ಟರೆ ಮೊಬೈಲಿನ ಜೊತೆಗೇ ಹೋಗುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಬೇರೆ ಕಡೆ ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಡಬೇಕು. ಒಂದು ನೋಟ್ ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ ವಿವರ ಬರೆಯಬೇಕು.

ಇದಕ್ಕೆ ಅನುದಾನ ಬೇಡ, ಆದೇಶ ಬೇಡ. ಶನಿವಾರದ ಒಂದು ಅವಧಿ ಸಾಕು.

ಇಲ್ಲಿಯವರೆಗೆ ಬಂದವುಗಳಲ್ಲಿ ಬೀಸುವ ಪದಗಳೇ ಹೆಚ್ಚು. ಒಬ್ಬಳು ಹುಡುಗಿಯ ಅಜ್ಜಿ ಹಾಡಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, "ಉಳದದ್ದು ಮರತೈತಿ ನೋಡವ್ವಾ" ಎಂದದ್ದೂ ದಾಖಲಾಗಿದೆ. ಅದನ್ನೂ ಅಳಿಸಬೇಡ ಎಂದು ಹೇಳಿದ್ದೇನೆ. ಎಷ್ಟು ಮರೆತಿದ್ದೇವೆ ಎಂಬ ಲೆಕ್ಕವೂ ಇತಿಹಾಸವೇ ಅಲ್ಲವೇ?

ನೋಟ್ ಪುಸ್ತಕದಲ್ಲಿ ಕ್ರಮಸಂಖ್ಯೆ 1 ಎಂದು ನಾನು ಬರೆದದ್ದು ನಮ್ಮ ಕುರಿ ಕಾಯುವ ಅಜ್ಜನ ಆ ನಲವತ್ತು ಸೆಕೆಂಡು. ಅಜ್ಜನ ಒಪ್ಪಿಗೆ ಕೇಳುವ ಕಾಲ ಮೀರಿತ್ತು, ಮಗನನ್ನು ಕೇಳಿ ಇಟ್ಟುಕೊಂಡೆ. ಮಿಕ್ಸರಿನ ಸದ್ದನ್ನು ತೆಗೆಯಲು ನಮಗೆ ಬರುವುದಿಲ್ಲ. ಹಾಗೇ ಇಟ್ಟಿದ್ದೇವೆ. ಗೋವಾದಲ್ಲಿ ಅವರು ಬದುಕಿದ್ದೇ ಆ ಸದ್ದಿನ ನಡುವೆ.

ಮೊನ್ನೆ ಅದನ್ನು ತರಗತಿಯಲ್ಲಿ ಹಾಕಿದೆ. ನಲವತ್ತು ಸೆಕೆಂಡಿಗೆ ಕೊಳಲು ನಿಂತಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮೊಮ್ಮಗ ತುಟಿ ಕೂಡಿಸಿ ಸಿಳ್ಳೆಯಲ್ಲಿ ಮುಂದಿನದನ್ನು ಮುಗಿಸಿದ. ನಾನು ಬೆರಗಾಗಿ ಕೇಳಿದೆ: "ಇದು ನಿನಗ ಬರ್ತದೇನೋ?"

"ನೀರಿಗಿ ಇಳಿಸೋದೂ ಬರ್ತದ್ರಿ ಸರ್. ರಾತ್ರಿದು ಅರ್ಧ ಬರ್ತದ" ಅಂದ.

ಕ್ರಮಸಂಖ್ಯೆ 2 ಮತ್ತು 3 ಅವನವು. ಈ ಸಲ ನಾಳೆ ಎನ್ನಲಿಲ್ಲ. ಅಂದೇ, ಅಲ್ಲೇ ಫ್ಯಾನು ಬಂದ್ ಮಾಡಿ ಮುದ್ರಿಸಿಕೊಂಡೆ. ಊರಿಗೆ ಹೋದಾಗ ಅವನಿಗೊಂದು ಆರು ತೂತಿನ ಕೊಳಲು ತರಬೇಕು.

ನಿಮ್ಮ ಶಾಲೆಯ ಸುತ್ತಮುತ್ತ, ನಿಮ್ಮ ಓಣಿಯಲ್ಲಿ ಇಂಥ ಹಿರಿಯರು ಯಾರಿದ್ದಾರೆ? ಈ ವಾರವೇ ಒಮ್ಮೆ ಹೋಗಿ ಮಾತಾಡಿಸಿ. ಏನು ಸಿಕ್ಕಿತೆಂದು ನನಗೂ ತಿಳಿಸಿ.